ಗೇಣಿನಿಂದ ಶುರು ಮಾಡಿ, ಟೇಪು ಆಮೇಲೆ

ಒಂದನೇ ಕ್ಲಾಸಿನ ಮಗುವಿಗೆ ‘ನಿನ್ನ ಎತ್ತರ 112 ಸೆಂಟಿಮೀಟರ್’ ಎಂದರೆ ಏನೂ ಗೊತ್ತಾಗುವುದಿಲ್ಲ. ಅದೇ ಮಗುವಿಗೆ ‘ಈ ಬೆಂಚು ಎಷ್ಟು ಗೇಣು ಇದೆ ನೋಡು’ ಎನ್ನಿ. ತಕ್ಷಣ ಬೆರಳು ಅಗಲಿಸಿಕೊಂಡು ಬೆಂಚಿನ ಈ ತುದಿಯಿಂದ ಆ ತುದಿಗೆ ಹೊರಟುಬಿಡುತ್ತದೆ. ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಾ ನಾನು ಕಂಡುಕೊಂಡಿದ್ದು ಇದು. ಮೈ ಅಳೆಯುವುದು, ಮೈ ಚುರುಕಾಗಿ ಇಟ್ಟುಕೊಳ್ಳುವುದು ಎರಡನ್ನೂ ಐದಾರು ವರ್ಷಕ್ಕೇ ಕಲಿಸಬಹುದು. ಮಗು ತನ್ನ ಕೈಯಿಂದ ತಾನೇ ಅಳೆಯಬೇಕು, ಅಷ್ಟೇ.

ಇದಕ್ಕೆ ಬೇಕಾಗುವುದು ಒಂದು ಸ್ಟೀಲ್ ಟೇಪು, ಒಂದು ಗಟ್ಟಿ ರಟ್ಟಿನ ಪುಸ್ತಕ, ಸೀಮೆಸುಣ್ಣ, ಸ್ವಲ್ಪ ಹುರಿ ಮತ್ತು ಒಂದು ನೋಟ್‌ಬುಕ್. ತೂಕದ ಮಷೀನು ಇದ್ದರೆ ಸರಿ, ಇಲ್ಲದಿದ್ದರೂ ನಡೆಯುತ್ತದೆ.

ಮೊದಲ ದಿನ: ಗೇಣು, ಮೊಳ, ಮಾರು

ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಗೆ ಗೇಣು. ಮೊಣಕೈಯಿಂದ ನಡುಬೆರಳಿನ ತುದಿಗೆ ಮೊಳ. ಎರಡೂ ಕೈ ಅಗಲಕ್ಕೆ ಚಾಚಿದರೆ ಮಾರು. ಹೂವಿನಂಗಡಿಯಲ್ಲಿ ಈಗಲೂ ಇದೇ ಲೆಕ್ಕ. ಆದ್ದರಿಂದ ಮಗುವನ್ನು ಒಂದು ಸಲ ಹೂ ತರಲು ಜೊತೆಗೆ ಕರೆದುಕೊಂಡು ಹೋಗಿ. ಅಲ್ಲಿ ಮೊಳ ಹಾಕುವುದನ್ನು ಕಣ್ಣಾರೆ ನೋಡಲಿ.

ಮನೆಗೆ ಬಂದ ಮೇಲೆ ಅದೇ ಹೂವಿನ ಮಾಲೆಯನ್ನು ಅಮ್ಮ ಒಂದು ಸಲ, ಮಗು ಒಂದು ಸಲ ಅಳೆಯಲಿ. ಅಮ್ಮನಿಗೆ ಎರಡು ಮೊಳ ಬಂದದ್ದು ಮಗುವಿಗೆ ಮೂರು ಬರುತ್ತದೆ. ನನ್ನ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಮಾಲೆಯನ್ನು ಮೂರು ಸಲ ಅಳೆದು, ಕೊನೆಗೆ ನನ್ನ ಕೈಯನ್ನೇ ಹಿಡಿದೆಳೆದು ತನ್ನ ಕೈ ಪಕ್ಕ ಇಟ್ಟುಕೊಂಡಳು. ‘ಮಿಸ್, ಮಾಲೆ ದೊಡ್ಡದಾಗಿಲ್ಲ, ನನ್ನ ಮೊಳ ಚಿಕ್ಕದು’ ಎಂದಳು. ಟೇಪು ಯಾಕೆ ಬೇಕು ಎಂದು ಇನ್ನು ನಾವು ಹೇಳಬೇಕಾಗಿಲ್ಲ, ಅಲ್ವಾ?

ಆಮೇಲೆ ಹುರಿ ತೆಗೆದುಕೊಳ್ಳಿ. ಮಗುವಿನ ನೆತ್ತಿಯಿಂದ ಹಿಮ್ಮಡಿಯವರೆಗೆ ಹಿಡಿದು ಕತ್ತರಿಸಿ. ಈ ಹುರಿಯನ್ನು ಎರಡೂ ಕೈಯಲ್ಲಿ ಹಿಡಿದು ಚಾಚಲಿ. ಹೆಚ್ಚುಕಡಿಮೆ ಅಷ್ಟೇ ಉದ್ದ! ಮಾರು ಮತ್ತು ಎತ್ತರ ಹತ್ತಿರ ಹತ್ತಿರ ಒಂದೇ. ಚಿಕ್ಕವರಿಗೆ ಮಾರು ಒಂಚೂರು ಕಮ್ಮಿ ಇರಬಹುದು. ಅದೇ ಹುರಿಯನ್ನು ತಲೆಗೆ ಎಷ್ಟು ಸುತ್ತು ಸುತ್ತಬಹುದು ಎಂದು ಕೇಳಿ. ಐದು, ಆರು ಎನ್ನುತ್ತಾರೆ. ಆರು ವರ್ಷದವರಿಗೆ ಎರಡು ಸುತ್ತಾಗಿ ಸ್ವಲ್ಪ ಉಳಿಯುತ್ತದೆ, ದೊಡ್ಡವರ ಹುರಿ ಅವರ ತಲೆಗೆ ಸುಮಾರು ಮೂರು ಸುತ್ತು ಬರುತ್ತದೆ. ಚಿಕ್ಕ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಬೆಳೆಯುತ್ತಾ ಕೈಕಾಲು ಉದ್ದ ಆಗುತ್ತದೆ ಎನ್ನುವುದು ಹುರಿಯಲ್ಲೇ ಕಾಣುತ್ತದೆ. ಈ ಹುರಿಯನ್ನು ಎಸೆಯಬೇಡಿ. ಒಂದು ಕವರಿನಲ್ಲಿ ಹಾಕಿ, ಮೇಲೆ ತಾರೀಕು ಬರೆದು ಇಡಿ.

ಗೋಡೆಗೆ ನಿಲ್ಲಿಸುವುದು

ಎತ್ತರ ಅಳೆಯುವಾಗ ನಾವೆಲ್ಲ ಅವಸರ ಮಾಡುತ್ತೇವೆ, ಅದಕ್ಕೇ ತಪ್ಪಾಗುತ್ತದೆ. ಟೈಲ್ಸ್ ಪಟ್ಟಿ ಮುಂದಕ್ಕೆ ಚಾಚಿಕೊಂಡಿಲ್ಲದ ಗೋಡೆ ಹುಡುಕಿ, ಇಲ್ಲದಿದ್ದರೆ ಬಾಗಿಲ ಚೌಕಟ್ಟು ಸಾಕು. ಚಪ್ಪಲಿ, ಸಾಕ್ಸ್ ಬಿಚ್ಚಿಸಿ. ತಲೆ ಮೇಲಿನ ಜುಟ್ಟು, ಕ್ಲಿಪ್ಪು ತೆಗೆಸಿ. ಹಿಮ್ಮಡಿ, ಕುಂಡೆ, ಬೆನ್ನು, ತಲೆಯ ಹಿಂಭಾಗ ಗೋಡೆಗೆ ತಾಗಲಿ. ಮಗು ನೇರ ಎದುರಿಗೆ ನೋಡಲಿ, ಗದ್ದ ಮೇಲೆತ್ತುವುದು ಬೇಡ. ಈಗ ಪುಸ್ತಕವನ್ನು ಗೋಡೆಗೆ ಆನಿಸಿ, ನೆತ್ತಿಗೆ ತಾಗುವ ಹಾಗೆ ಮಟ್ಟಸವಾಗಿ ಇಳಿಸಿ. ಪುಸ್ತಕದ ಕೆಳಗೆ ಗೆರೆ ಎಳೆದು, ನೆಲದಿಂದ ಗೆರೆಗೆ ಟೇಪು ಹಿಡಿಯಿರಿ. ಟೈಲರ್ ಟೇಪು ಹಳೆಯದಾದರೆ ಜಗ್ಗುತ್ತದೆ, ಸ್ಟೀಲಿನದೇ ಇರಲಿ.

ಕಾಲಿನ ಮೇಲೆ ಒಂದು ಕಣ್ಣಿಡಿ. ಪುಸ್ತಕ ಇಳಿಯುವ ಹೊತ್ತಿಗೆ ಸರಿಯಾಗಿ ಹಿಮ್ಮಡಿ ಮೆಲ್ಲಗೆ ಮೇಲೇಳುತ್ತದೆ. ಎಲ್ಲ ಮಕ್ಕಳೂ ಇದನ್ನು ಮಾಡುತ್ತಾರೆ. ಬೈಯಬೇಡಿ. ಹಿಮ್ಮಡಿ ಕೆಳಗೆ ಒಂದು ಹಾಳೆ ಸಿಗಿಸಿ, ‘ಇದು ಬೀಳದ ಹಾಗೆ ಒತ್ತಿ ಹಿಡಿ’ ಎನ್ನಿ. ಎರಡು ಸಲ ಅಳೆಯಿರಿ. ಅರ್ಧ ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮೂರನೇ ಸಲ. ಟೇಪಿನ ಅಂಕಿ ಓದುವ ಕೆಲಸ ಮಾತ್ರ ಮಗುವಿನದೇ ಆಗಿರಲಿ.

ಬೆಳಿಗ್ಗೆ ಎದ್ದ ಕೂಡಲೇ ಒಂದು ಗೆರೆ, ಸಂಜೆ ಆಡಿ ಬಂದ ಮೇಲೆ ಒಂದು ಗೆರೆ ಹಾಕಿ ನೋಡಿ. ಸಂಜೆಯ ಗೆರೆ ಒಂಚೂರು ಕೆಳಗಿರುತ್ತದೆ. ಬೆನ್ನುಮೂಳೆಯ ನಡುವೆ ಮೆತ್ತೆಯಂಥ ಬಿಲ್ಲೆಗಳಿವೆ. ದಿನವಿಡೀ ನಿಂತು, ಕೂತು, ಓಡಾಡಿ ಅವು ಅಮುಕಿಕೊಳ್ಳುತ್ತವೆ, ರಾತ್ರಿ ಮಲಗಿದಾಗ ಮತ್ತೆ ಉಬ್ಬುತ್ತವೆ. ಅದಕ್ಕೇ ಪ್ರತಿ ಸಲ ಒಂದೇ ಹೊತ್ತಿಗೆ ಅಳೆಯಬೇಕು.

ತಿಂಗಳಿಗೊಮ್ಮೆ ಅಳೆದರೆ ಮಗುವಿಗೆ ಬೇಜಾರೇ ಆಗುತ್ತದೆ. ಐದು ವರ್ಷದಿಂದ ಹರೆಯದವರೆಗೆ ಮಕ್ಕಳು ವರ್ಷಕ್ಕೆ ಸಾಮಾನ್ಯವಾಗಿ 5-6 ಸೆಂ.ಮೀ. ಬೆಳೆಯುತ್ತಾರೆ. ಅಂದರೆ ತಿಂಗಳಿಗೆ ಅರ್ಧ ಸೆಂಟಿಮೀಟರ್, ಗೋಡೆಯಲ್ಲಿ ಕಾಣುವುದೇ ಇಲ್ಲ. ಮೂರು ತಿಂಗಳಿಗೊಮ್ಮೆ ಸಾಕು. ವರ್ಷವಿಡೀ 4 ಸೆಂಟಿಮೀಟರ್ ಕೂಡ ಬೆಳೆಯದಿದ್ದರೆ ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ.

ತೂಕ: ಮೊದಲು ಬ್ಯಾಗು, ಆಮೇಲೆ ಮಗು

ಇಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. ಶುರುವಿನ ವರ್ಷಗಳಲ್ಲಿ ಎಲ್ಲ ಮಕ್ಕಳ ತೂಕ ಬರೆದು ಚಾರ್ಟು ಮಾಡಿ ಗೋಡೆಗೆ ಅಂಟಿಸಿದ್ದೆ. ಒಂದು ವಾರಕ್ಕೆ ಒಬ್ಬ ಹುಡುಗ ಮಧ್ಯಾಹ್ನದ ಮೊಟ್ಟೆ ಮುಟ್ಟದೆ ಪಕ್ಕದವನ ತಟ್ಟೆಗೆ ಹಾಕತೊಡಗಿದ. ಕೇಳಿದರೆ ‘ನಂದೇ ಜಾಸ್ತಿ ಇದೆ ಮಿಸ್’ ಎಂದ. ಅವತ್ತೇ ಚಾರ್ಟು ಹರಿದು ಹಾಕಿದೆ. ತೂಕವನ್ನು ಜೋರಾಗಿ ಓದಬೇಡಿ. ಅಣ್ಣನ ಜೊತೆಗಾಗಲಿ, ಪಕ್ಕದ ಮನೆಯವರ ಜೊತೆಗಾಗಲಿ ಹೋಲಿಸಬೇಡಿ. ಡುಮ್ಮ, ಕಡ್ಡಿ ಎಂಬ ಮಾತು ಪ್ರೀತಿಯಿಂದ ಅಂದರೂ ಮಗುವಿನ ಮನಸ್ಸಿನಲ್ಲಿ ಕೂತುಬಿಡುತ್ತದೆ.

ಈಗ ನಾನು ಸ್ಕೂಲ್ ಬ್ಯಾಗಿನಿಂದ ಶುರು ಮಾಡುತ್ತೇನೆ. ಕರ್ನಾಟಕದಲ್ಲಿ 2019ರ ಆದೇಶದ ಪ್ರಕಾರ 1-2ನೇ ತರಗತಿಯ ಬ್ಯಾಗು 2 ಕಿಲೋ ದಾಟುವಂತಿಲ್ಲ, 3ರಿಂದ 5ನೇ ತರಗತಿಗೆ 3 ಕಿಲೋ. ಮಗು ತನ್ನ ಬ್ಯಾಗು ತೂಗಲಿ. ನೀರಿನ ಬಾಟಲಿ ತೆಗೆದು ಮತ್ತೆ ತೂಗಲಿ. ಬ್ಯಾಗು ಮೈತೂಕದ ಹತ್ತನೇ ಒಂದು ಪಾಲಿಗಿಂತ ಜಾಸ್ತಿ ಇರಬಾರದು ಎಂದು ಹೇಳಿ. ಆಗ ತನ್ನ ತೂಕ ಎಷ್ಟು ಎಂದು ಮಗುವೇ ಕೇಳುತ್ತದೆ. 20 ಕಿಲೋ ಇದ್ದರೆ ಬ್ಯಾಗು 2 ಕಿಲೋ. ಮಷೀನು ಗಟ್ಟಿ ನೆಲದ ಮೇಲಿರಲಿ, ಚಾಪೆಯ ಮೇಲೆ ಬೇಡ.

ಇನ್ನೊಂದು ಮಾತು. ಎತ್ತರ, ತೂಕ ಹಾಕಿ ಮೊಬೈಲಿನಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ನೋಡುವ ಅಂಕಿ) ಲೆಕ್ಕ ಮಾಡಿ ಹೆದರಬೇಡಿ. 18.5, 25 ಎಂಬ ಗೆರೆಗಳು ದೊಡ್ಡವರಿಗೆ. ಮಕ್ಕಳದ್ದನ್ನು ವಯಸ್ಸು, ಗಂಡು-ಹೆಣ್ಣು ನೋಡಿ ಬೆಳವಣಿಗೆ ಚಾರ್ಟಿನಲ್ಲೇ ಗುರುತಿಸಬೇಕು. ಐದು ವರ್ಷದೊಳಗಿನವರಿಗೆ ಅಂಗನವಾಡಿಯಲ್ಲೇ ಇದನ್ನು ಮಾಡುತ್ತಾರೆ.

ಎದೆ ಬಡಿತ ಕೇಳುವುದು

1816ರಲ್ಲಿ ಫ್ರಾನ್ಸಿನ ವೈದ್ಯ ರೆನೆ ಲೆನೆಕ್ ಕಾಗದದ ಹಾಳೆಗಳನ್ನು ಕೊಳವೆಯ ಹಾಗೆ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದರು. ಸ್ಟೆತಾಸ್ಕೋಪ್ ಹುಟ್ಟಿದ್ದು ಹಾಗೆ. ನೀವೂ ಒಂದು ನೋಟ್‌ಬುಕ್ಕನ್ನು ಸುತ್ತಿ ಕೊಡಿ. ಮಗು ಅದನ್ನು ನಿಮ್ಮ ಎದೆಗಿಟ್ಟು, ಇನ್ನೊಂದು ತುದಿಗೆ ಕಿವಿಯಿಟ್ಟು ಕೇಳಲಿ. ಲಬ್-ಡಬ್ ಕೇಳಿಸಿದಾಗ ಅದರ ಮುಖ ನೋಡಬೇಕು ನೀವು.

ಆಮೇಲೆ ನಾಡಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ಹೆಬ್ಬೆರಳು ಇಡಬೇಡಿ, ಅದಕ್ಕೂ ಬಡಿತ ಇರುತ್ತದೆ, ಲೆಕ್ಕ ತಪ್ಪುತ್ತದೆ. ಒಂದು ನಿಮಿಷ ಸ್ಕಿಪ್ಪಿಂಗ್ ಆಡಿಸಿ ಮತ್ತೆ ಎಣಿಸಿ. ಸುಮ್ನೆ ಕೂತಾಗಲೂ ಮಕ್ಕಳ ನಾಡಿ ದೊಡ್ಡವರಿಗಿಂತ ಜೋರು. ನಿಮಿಷಕ್ಕೆ 90-100 ಇದ್ದರೆ ಗಾಬರಿ ಬೇಡ.

ಕೊಕ್ಕರೆ ನಿಲ್ಲುವುದು, ತಟ್ಟೆ ಮುಟ್ಟುವುದು

ಖೇಲೋ ಇಂಡಿಯಾ ಶಾಲಾ ಫಿಟ್ನೆಸ್ ಪರೀಕ್ಷೆಯಲ್ಲಿ 5ರಿಂದ 8 ವರ್ಷದವರಿಗೆ ಓಟವೇ ಇಲ್ಲ. ಎತ್ತರ-ತೂಕ ಬಿಟ್ಟರೆ ಎರಡೇ ಪರೀಕ್ಷೆ, ಸಮತೋಲನದ್ದೊಂದು, ಕೈಚುರುಕಿನದೊಂದು. ನನಗಿದು ತುಂಬಾ ಸರಿ ಅನಿಸುತ್ತದೆ. ಎರಡನ್ನೂ ಮನೆಯಲ್ಲೇ ಆಡಿಸಬಹುದು.

ಸೀಮೆಸುಣ್ಣದ ಗೆರೆಯ ಮೇಲೆ ಒಂಟಿಕಾಲಿನಲ್ಲಿ ಕೊಕ್ಕರೆಯ ಹಾಗೆ ನಿಲ್ಲಲಿ. ಒಂದು ನಿಮಿಷದಲ್ಲಿ ಎಷ್ಟು ಸಲ ಕಾಲು ಊರಿದ ಎಂದು ಎಣಿಸಿ. ಎರಡನೆಯದಕ್ಕೆ ಮೇಜಿನ ಮೇಲೆ ಎರಡು ತಟ್ಟೆ, ನಡುಭಾಗದಿಂದ ನಡುಭಾಗಕ್ಕೆ 60 ಸೆಂ.ಮೀ. ಒಂದು ಕೈ ನಡುವೆ ಊರಿಕೊಂಡು, ಇನ್ನೊಂದು ಕೈಯಿಂದ ಆ ತಟ್ಟೆ, ಈ ತಟ್ಟೆ ಎಂದು 50 ಸಲ ಮುಟ್ಟಬೇಕು. ಎಷ್ಟು ಸೆಕೆಂಡ್ ಆಯಿತು, ಬರೆಯಿರಿ.

ಇವು ಅಳತೆ ಮಾತ್ರ. ಮೈ ಗಟ್ಟಿಯಾಗುವುದು ಆಟದಿಂದ. ಐದು ವರ್ಷ ದಾಟಿದ ಮಕ್ಕಳು ದಿನಕ್ಕೆ ಕನಿಷ್ಠ 60 ನಿಮಿಷ ಉಸಿರು ಜೋರಾಗುವ ಹಾಗೆ ಆಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದೇ ಸಲ ಆಗಬೇಕಿಲ್ಲ. ಕುಂಟೆಬಿಲ್ಲೆ ಸಮತೋಲನಕ್ಕೆ, ಲಗೋರಿ ಕೈ-ಕಣ್ಣಿಗೆ, ಖೋ-ಖೋ ಓಟಕ್ಕೆ. ಇವಕ್ಕಿಂತ ಒಳ್ಳೆಯ ಜಿಮ್ ಈ ವಯಸ್ಸಿಗೆ ಬೇಕಿಲ್ಲ.

ಎಲ್ಲ ಲೆಕ್ಕವೂ ಮಗುವಿನ ನೋಟ್‌ಬುಕ್ಕಿಗೆ ಹೋಗಲಿ, ಅದರದೇ ಅಕ್ಷರದಲ್ಲಿ. ಮೂರು ತಿಂಗಳಾದ ಮೇಲೆ ಮತ್ತೆ ಅಳೆದಾಗ ಹಿಂದಿನ ಪುಟ ತೆಗೆದು ನೋಡಲಿ. ಕವರಿನಲ್ಲಿಟ್ಟ ಹುರಿಯನ್ನು ಮಾತ್ರ ಒಂದು ವರ್ಷ ಬಿಟ್ಟು, ಅದೇ ತಾರೀಕಿಗೆ ತೆಗೆಯಿರಿ. ಒಂದು ತುದಿಯನ್ನು ಹಿಮ್ಮಡಿಗೆ ಹಿಡಿದು ಇನ್ನೊಂದನ್ನು ಮೇಲಕ್ಕೆಳೆದರೆ, ಅದು ನೆತ್ತಿ ಮುಟ್ಟದೆ ಹಣೆಯ ಹತ್ತಿರವೇ ನಿಂತುಬಿಡುತ್ತದೆ.