ದೊಡ್ಡ ಮಗು ಇನ್ನೂ ಮಗುವೇ

ಎರಡೂವರೆ ವರ್ಷದ ಮಗುವಿಗೆ ‘ನೀನೀಗ ದೊಡ್ಡವಳು, ಹಟ ಮಾಡಬಾರದು’ ಅಂತ ಯಾರಾದರೂ ಹೇಳುವುದು ಕೇಳಿಸಿದರೆ ನನಗೆ ಮೈ ಉರಿಯುತ್ತದೆ. ಮೊನ್ನೆಯವರೆಗೆ ಅದನ್ನು ಕಂಕುಳಲ್ಲಿ ಎತ್ತಿಕೊಂಡೇ ತಿರುಗುತ್ತಿದ್ದಿರಿ. ಮನೆಗೆ ಇನ್ನೊಂದು ಕೂಸು ಬಂದ ತಕ್ಷಣ ಅದು ದೊಡ್ಡದಾಗಿಬಿಡುತ್ತದಾ? ರಾತ್ರಿ ಕತ್ತಲೆಗೆ ಹೆದರುವುದು ಹಾಗೇ ಇದೆ. ಬಿದ್ದರೆ ಅಮ್ಮಾ ಅನ್ನುವುದೂ ಹಾಗೇ ಇದೆ. ಮಡಿಲಿನಲ್ಲಿ ಮಾತ್ರ ಬೇರೆ ಯಾರೋ ಮಲಗಿದ್ದಾರೆ.

ಅದಕ್ಕಿಂತ ಕೆಟ್ಟದ್ದು ಪಾಪು ನೋಡಲು ಬಂದವರ ತಮಾಷೆ. ‘ಇನ್ನು ಅಮ್ಮ ನಿನ್ನ ಎತ್ಕೊಳಲ್ಲ ನೋಡು’, ‘ನಿನ್ನ ಪಾಪುನ ನಾವು ತಗೊಂಡು ಹೋಗ್ತೀವಿ, ಆಯ್ತಾ?’ ಹೇಳಿದವರಿಗೆ ನಗು. ಆ ವಯಸ್ಸಿನ ಮಗು ಅದನ್ನು ನಿಜ ಅಂತಲೇ ನಂಬುತ್ತದೆ. ಹೇಳಿದವರು ಎಷ್ಟೇ ಹತ್ತಿರದವರಾಗಿರಲಿ, ಅಲ್ಲೇ ತಡೆಯಿರಿ. ‘ಅವಳ ಅಮ್ಮ ಅವಳಿಗೆ ಇದ್ದೇ ಇದ್ದಾಳೆ’ ಅಂತ ಮಗುವಿನ ಕಿವಿಗೆ ಬೀಳುವ ಹಾಗೆ ಹೇಳಿ. ಬಂದವರು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಈಗಿನವರು ಮಾಡುವ ದೊಡ್ಡ ತಪ್ಪು ಏನು ಗೊತ್ತಾ? ದೊಡ್ಡ ಮಗುವಿಗೆ ಪಾಪುವಿನ ಮೇಲೆ ಪ್ರೀತಿ ಬರಿಸಲು ಹೊರಡುತ್ತಾರೆ. ‘ಮುತ್ತು ಕೊಡು, ಮುದ್ದು ಮಾಡು, ನಿನ್ನ ತಮ್ಮ ಅಲ್ವಾ?’ ಅಂತ ಹಿಂದೆ ಬೀಳುತ್ತಾರೆ. ಆ ಪ್ರೀತಿ ತನ್ನ ಹೊತ್ತಿಗೆ ತಾನೇ ಬರುತ್ತದೆ. ಮಗುವಿಗೆ ಸದ್ಯಕ್ಕೆ ಬೇಕಿರುವುದು ತನ್ನ ಅಮ್ಮ. ದಿನಕ್ಕೆ ಸ್ವಲ್ಪವೇ ಸಿಕ್ಕರೂ ಪರವಾಗಿಲ್ಲ, ಆದರೆ ತಪ್ಪದೆ ಸಿಗಬೇಕು.

ಪಾಪು ಬರುವ ಸುದ್ದಿಯನ್ನು ಹೊಟ್ಟೆ ಕಾಣುವ ಹೊತ್ತಿಗೆ ಹೇಳಿದರೆ ಸಾಕು. ಚಿಕ್ಕ ಮಕ್ಕಳಿಗೆ ತಿಂಗಳ ಲೆಕ್ಕ ತಿಳಿಯುವುದಿಲ್ಲ. ಮೊದಲೇ ಹೇಳಿದರೆ ನಾಳೆ ಬರುತ್ತಾ, ನಾಡಿದ್ದು ಬರುತ್ತಾ ಅಂತ ಕಾದು ಸುಸ್ತಾಗುತ್ತವೆ. ‘ನಿನ್ನ ಜೊತೆ ಆಡೋಕೆ ಬರ್ತಾನೆ’ ಅಂತ ಮಾತ್ರ ಹೇಳಬೇಡಿ. ಹುಟ್ಟಿದ ಕೂಸು ದಿನಕ್ಕೆ 14ರಿಂದ 17 ಗಂಟೆ ನಿದ್ದೆ ಮಾಡುತ್ತದೆ. ಒಂದು ಗೇಣಿನ ಆಚೆಗೆ ಅದಕ್ಕೆ ನೆಟ್ಟಗೆ ಕಾಣುವುದೂ ಇಲ್ಲ. ಮುಖ ನೋಡಿ ನಗಲು ಆರೆಂಟು ವಾರ ಬೇಕು. ಚೆಂಡು ಹಿಡಿದು ಕಾಯುತ್ತಿದ್ದ ಮಗುವಿಗೆ ಎಷ್ಟು ಬೇಸರವಾಗುತ್ತದೆ ಯೋಚಿಸಿ. ‘ಪಾಪು ಅಳುತ್ತೆ, ಮಲಗುತ್ತೆ, ಹಾಲು ಕುಡಿಯುತ್ತೆ, ಬಟ್ಟೆ ಒದ್ದೆ ಮಾಡುತ್ತೆ. ನೀನೂ ಹಾಗೇ ಇದ್ದೆ’ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಹಾಸಿಗೆ ಬದಲಿಸುವುದು, ಡೈಪರ್ ಬಿಡಿಸುವುದು, ಶಾಲೆಗೆ ಸೇರಿಸುವುದು ಇದ್ದರೆ ಹೆರಿಗೆಗೆ ಒಂದೆರಡು ತಿಂಗಳ ಮೊದಲೇ ಮುಗಿಸಿ. ಇಲ್ಲದಿದ್ದರೆ ಪಾಪು ಬಂದು ಮನೆ ಒಂದು ಹದಕ್ಕೆ ಬರುವವರೆಗೆ ಬಿಟ್ಟುಬಿಡಿ.

ಮೊದಲ ಸಲ ಇಬ್ಬರೂ ಮುಖ ನೋಡುವಾಗ ಅಮ್ಮನ ಕೈ ಖಾಲಿ ಇರಲಿ. ಪಾಪು ಪಕ್ಕದಲ್ಲಿ ಮಲಗಿರಲಿ, ಅಥವಾ ಇನ್ನೊಬ್ಬರ ಕೈಯಲ್ಲಿರಲಿ. ಮೊದಲು ದೊಡ್ಡದನ್ನು ತಬ್ಬಿಕೊಳ್ಳಿ. ಅದು ಕೇಳಿದ ಮೇಲೆ ಪಾಪುವನ್ನು ತೋರಿಸಿ. ಹೊಟ್ಟೆಗೆ ಹೊಲಿಗೆ ಬಿದ್ದು ಎತ್ತಿಕೊಳ್ಳಲು ಆಗದಿದ್ದರೆ ಕುಳಿತುಕೊಂಡು ಮಗುವನ್ನೇ ಪಕ್ಕಕ್ಕೆ ಹತ್ತಿಸಿಕೊಳ್ಳಿ. ‘ಪಾಪು ಇದೆ, ಅದಕ್ಕೆ ಎತ್ಕೊಳಲ್ಲ’ ಅನ್ನಬೇಡಿ. ‘ಅಮ್ಮನಿಗೆ ಹೊಟ್ಟೆ ನೋವು, ವಾಸಿಯಾಗಲಿ’ ಅನ್ನಿ.

ಆಮೇಲೆ ಶುರುವಾಗುತ್ತದೆ ನೋಡಿ. ಬಿಟ್ಟಿದ್ದ ಹೆಬ್ಬೆರಳು ಮತ್ತೆ ಬಾಯಿಗೆ ಹೋಗುತ್ತದೆ. ಹಾಸಿಗೆ ಒದ್ದೆಯಾಗುತ್ತದೆ. ಚೆನ್ನಾಗಿ ಮಾತಾಡುತ್ತಿದ್ದದ್ದು ತೊದಲುತ್ತದೆ. ನನಗೂ ಬಾಟಲಿ ಬೇಕು, ನಾನೂ ಎದೆ ಹಾಲು ಕುಡಿಯಬೇಕು ಅನ್ನುತ್ತದೆ. ‘ನಾಟಕ ಮಾಡ್ತಾಳೆ’ ಅಂತ ಗದರುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ನಾಟಕ ಏನಿಲ್ಲ. ಚಿಕ್ಕದಾಗಿದ್ದರೆ ಅಮ್ಮ ಸಿಗುತ್ತಾಳೆ ಅಂತ ಮಗು ಕಣ್ಣಾರೆ ನೋಡಿದೆ, ಅದಕ್ಕೆ ತಾನೂ ಚಿಕ್ಕದಾಗುತ್ತಿದೆ. ಬಾಟಲಿ ಕೇಳಿದರೆ ಕೊಡಿ, ಎರಡು ಗುಟುಕು ಕುಡಿದು ತಾನೇ ಬಿಡುತ್ತದೆ. ಮಡಿಲಲ್ಲಿ ಮಲಗಿಸಿ ತಟ್ಟಿ. ಹೆಚ್ಚಿನ ಮಕ್ಕಳಲ್ಲಿ ಇದು ಕೆಲವು ವಾರಗಳಲ್ಲಿ, ಜಾಸ್ತಿಯೆಂದರೆ ಕೆಲವು ತಿಂಗಳಲ್ಲಿ ಹೋಗುತ್ತದೆ. ತಿಂಗಳುಗಳು ಕಳೆದರೂ ಮಗು ಊಟ, ನಿದ್ದೆ, ಆಟ ಎಲ್ಲ ಬಿಟ್ಟು ಮಂಕಾಗಿಯೇ ಇದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

   

ಇನ್ನು ನಾನು ಆಣೆ ಇಟ್ಟು ಹೇಳುವ ವಿಷಯ, ಹಾಲೂಡಿಸುವ ಹೊತ್ತಿನ ಚೀಲ, ಅಂದರೆ ಆ ಹೊತ್ತಿಗೆ ಮಾತ್ರ ದೊಡ್ಡ ಮಗುವಿನ ಕೈಗೆ ಕೊಡುವ ಆಟದ ಸಾಮಾನಿನ ಚೀಲ. ಹೊಸ ಕೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಅಷ್ಟು ಸಲವೂ ಅಮ್ಮ ಕೂತಲ್ಲೇ ಕೂರಬೇಕು. ದೊಡ್ಡದು ಬಾಗಿಲಿನ ಹಿಂದೆ ಮಣ್ಣು ತಿನ್ನುವುದು, ನೀರು ಚೆಲ್ಲುವುದು, ಪಾಪುವಿನ ಕಾಲು ಎಳೆಯುವುದು ಎಲ್ಲ ಆಗಲೇ. ಅಮ್ಮ ಏಳಲಾರಳು ಅಂತ ಅದಕ್ಕೆ ಗೊತ್ತು. ಈ ಚೀಲದ ಉಪಾಯ ನನಗೆ ಹೇಳಿಕೊಟ್ಟವರು ನನ್ನ ಅತ್ತೆ. ಹಳೆಯ ಪರದೆ ಕತ್ತರಿಸಿ ತಾವೇ ಹೊಲಿದುಕೊಟ್ಟರು.

ಚೀಲ ಬಟ್ಟೆಯದಾಗಿರಬೇಕು, ಬಾಯಿಗೆ ಲಾಡಿ ಇರಬೇಕು. ಜಿಪ್ ಬೇಡ, ಸರ್ ಅಂತ ತೆರೆದು ಮುಗಿಯುತ್ತದೆ. ಲಾಡಿಯನ್ನು ಪುಟ್ಟ ಬೆರಳಲ್ಲಿ ಸಡಿಲ ಮಾಡಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಆ ಹೊತ್ತಿಗೆ ಪಾಪು ಎದೆ ಹಿಡಿದಿರುತ್ತದೆ. ಲಾಡಿ ತೀರಾ ಉದ್ದ ಬೇಡ, ಕೊರಳಿಗೆ ಸುತ್ತಿಕೊಳ್ಳುವಷ್ಟು ಇರಬಾರದು. ಒಳಗೆ ನಾಲ್ಕೈದು ಸಾಮಾನು ಇದ್ದರೆ ಸಾಕು. ತುಂಬಿಸಿಟ್ಟರೆ ಮಗು ಎಲ್ಲ ಸುರಿದು ಎದ್ದು ಹೋಗುತ್ತದೆ. ಮುಚ್ಚಿ ತೆಗೆಯುವಂಥ ಒಂದು ಡಬ್ಬಿ ಇರಲಿ, ಮುಚ್ಚಳ ಸ್ವಲ್ಪ ಬಿಗಿಯಿದ್ದರೆ ಒಳ್ಳೆಯದು. ದಪ್ಪ ಹಾಳೆಯ ಒಂದು ಚಿತ್ರದ ಪುಸ್ತಕ. ದಪ್ಪನೆಯ ಬಣ್ಣದ ಕಡ್ಡಿ ಒಂದೆರಡು, ಜೊತೆಗೆ ಕಾಗದ. ಮಡಚಲು, ಹೊದೆಯಲು, ಗೊಂಬೆಗೆ ಸುತ್ತಲು ಒಂದು ತುಂಡು ಬಟ್ಟೆ. ಇವೆಲ್ಲ ಬದಲಾಗಬಹುದು. ಆದರೆ ಆ ಮಗುವೇ ಕೂಸಾಗಿದ್ದಾಗಿನ ನಾಲ್ಕು ಫೋಟೋ ಯಾವಾಗಲೂ ಇರಬೇಕು. ರಟ್ಟಿಗೆ ಅಂಟಿಸಿ ಕೊಡಿ, ಹರಿಯುವುದಿಲ್ಲ. ‘ಇದ್ಯಾರು? ಆಗ ನಿನ್ನ ಹೀಗೇ ಹಿಡ್ಕೊಂಡಿದ್ದೆ’ ಅಂತ ಹಾಲೂಡಿಸುತ್ತಾ ಹೇಳುತ್ತಿರಿ. ಸದ್ದು ಮಾಡುವ ಆಟಿಕೆ ಬೇಡ, ಪಾಪು ಬೆಚ್ಚುತ್ತದೆ. ಮೊಬೈಲ್ ಅಂತೂ ಬೇಡವೇ ಬೇಡ. ಅದನ್ನು ಕೊಟ್ಟರೆ ಮಗು ನಿಮ್ಮ ಪಕ್ಕ ಕೂತಿದ್ದರೂ ನಿಮ್ಮ ಜೊತೆ ಇರುವುದಿಲ್ಲ.

ಚೀಲವನ್ನು ನೀವು ಕೂರುವ ಜಾಗದ ಹತ್ತಿರ, ಮಗುವಿಗೆ ಕಾಣುವ ಹಾಗೆ, ಆದರೆ ಕೈಗೆ ಸಿಗದ ಎತ್ತರದಲ್ಲಿ ನೇತು ಹಾಕಿ. ಹಾಲು ಕೊಡುವ ಹೊತ್ತಿಗೆ ಮಾತ್ರ ಅದು ಇಳಿಯಬೇಕು. ಮೊದಲು ಚೀಲ, ಆಮೇಲೆ ಪಾಪು. ಈ ಕ್ರಮ ತಪ್ಪಲೇಬಾರದು. ಪಾಪು ಕುಂಯ್ ಅನ್ನುತ್ತಿದ್ದರೂ ಸರಿ, ಅರ್ಧ ನಿಮಿಷಕ್ಕೆ ಏನೂ ಆಗುವುದಿಲ್ಲ. ‘ಪಾಪು, ಒಂಚೂರು ತಾಳು, ಅಕ್ಕನಿಗೆ ಚೀಲ ಕೊಟ್ಟು ಬರ್ತೀನಿ’ ಅಂತ ಜೋರಾಗಿ ಹೇಳಿ. ಇಡೀ ದಿನ ‘ತಾಳು’ ಅನ್ನಿಸಿಕೊಳ್ಳುವುದು ದೊಡ್ಡದೇ ಅಲ್ವಾ? ಆ ಮಾತು ಪಾಪುವಿಗೂ ಬೀಳುತ್ತದೆ ಅಂತ ಗೊತ್ತಾದಾಗ ಅದರ ಮುಖ ನೋಡಬೇಕು.

ಕೂರುವಾಗ ತಗ್ಗಾದ ಜಾಗದಲ್ಲಿ, ಬೆನ್ನಿಗೆ ಒತ್ತು ಕೊಟ್ಟು ಕೂರಿ. ದೊಡ್ಡದು ನಿಮ್ಮ ಖಾಲಿ ಕೈಯ ಕಡೆ, ತೊಡೆಗೆ ತಾಗಿಕೊಂಡು ಕೂರಲಿ. ಆ ಕೈ ಅದರದ್ದು. ಪುಟ ತಿರುಗಿಸಿ, ತಲೆ ಸವರಿ. ಹಾಲು ಮುಗಿದ ಮೇಲೆ ಎಲ್ಲವನ್ನೂ ಮಗುವೇ ಒಂದೊಂದಾಗಿ ಒಳಗೆ ಹಾಕಿ ಲಾಡಿ ಎಳೆಯಲಿ. ರಾತ್ರಿ ಅದು ಮಲಗಿದ ಮೇಲೆ ಒಂದೇ ಒಂದು ಸಾಮಾನು ಬದಲಿಸಿ. ನಾಳೆ ಏನಿರುತ್ತೋ ಅನ್ನುವ ಕುತೂಹಲ ಉಳಿಯಬೇಕು. ನನ್ನ ದೊಡ್ಡ ಮಗಳು ಗೂಟದ ಕೆಳಗೆ ನಿಂತು, ನಿದ್ದೆ ಹೋಗಿರುವ ಕೂಸನ್ನು ತೋರಿಸಿ, ‘ಅಮ್ಮಾ, ಪಾಪುಗೆ ಹಸಿವು’ ಅನ್ನುತ್ತಿದ್ದಳು. ಹಾಲೂಡಿಸುವ ಹೊತ್ತು ಅವಳ ಹೊತ್ತೂ ಆಗಿತ್ತು.

ಇದನ್ನು ಕೆಡಿಸುವವರು ಮನೆಯಲ್ಲೇ ಇರುತ್ತಾರೆ. ಮಗು ಅತ್ತಿತು ಅಂತ ಮಧ್ಯಾಹ್ನ ಸುಮ್ನೆ ಚೀಲ ಇಳಿಸಿ ಕೈಗೆ ಕೊಡುತ್ತಾರೆ. ನನ್ನ ಸೊಸೆ ಎಷ್ಟು ನೀಟಾಗಿ ನಡೆಸಿಕೊಂಡು ಬಂದಿದ್ದಳು, ಒಂದು ವಾರ ನನ್ನ ಮಗ ಹೀಗೆ ಮಾಡಿ ಚೀಲಕ್ಕೆ ಬೆಲೆಯೇ ಇಲ್ಲದಂತೆ ಮಾಡಿಟ್ಟ. ಅಪ್ಪಂದಿರೇ, ಚೀಲ ಮುಟ್ಟಬೇಡಿ. ಅದರ ಬದಲು ಪಾಪುವನ್ನು ಎತ್ತಿಕೊಂಡು ಆಚೆ ಹೋಗಿ. ದೊಡ್ಡದಕ್ಕೂ ಅಮ್ಮನಿಗೂ ದಿನಕ್ಕೆ ಹತ್ತು ನಿಮಿಷ, ಬಾಗಿಲು ಹಾಕಿಕೊಂಡು, ಇಬ್ಬರೇ ಇರಲು ಬಿಡಿ. ಮಗು ಹೇಳಿದ ಆಟ ಆಡಲಿ. ಎಷ್ಟೇ ತುಂಟತನ ಮಾಡಿದ ದಿನವೂ ಆ ಹತ್ತು ನಿಮಿಷ ಕಿತ್ತುಕೊಳ್ಳಬೇಡಿ.

ಹೊಡೆದರೆ ಕೈ ಹಿಡಿದುಕೊಳ್ಳಿ. ‘ಹೊಡೆಯಲು ಬಿಡಲ್ಲ, ಪಾಪುಗೆ ನೋವಾಗುತ್ತೆ. ನಿನಗೆ ಸಿಟ್ಟು ಬಂದಿದೆ, ನನ್ನ ಹತ್ರ ಬಾ’ ಅಂತ ಹೇಳಿ ಮುಗಿಸಿ. ಭಾಷಣ ಬೇಡ. ‘ಪಾಪು ಬೇಡ, ವಾಪಸ್ ಕೊಟ್ಟುಬಿಡು’ ಅಂದರೆ ಗಾಬರಿಯೂ ಬೇಡ. ಬಾಯಲ್ಲಿ ಹೇಳಿದ್ದು ಕೈಗೆ ಬರುವುದಿಲ್ಲ, ಹೇಳಿಕೊಳ್ಳಲಿ.

ಆದರೆ ಎಷ್ಟೇ ಮುದ್ದಾಗಿ ಇರಲಿ, ಇಬ್ಬರನ್ನೇ ಕೋಣೆಯಲ್ಲಿ ಬಿಟ್ಟು ಹೋಗಬೇಡಿ. ಒಂದು ನಿಮಿಷಕ್ಕೂ ಬೇಡ. ಕೂಸಿನ ಕತ್ತು ನಿಲ್ಲುವುದಿಲ್ಲ, ನೆತ್ತಿ ಇನ್ನೂ ಮೆತ್ತಗಿರುತ್ತದೆ. ಚಳಿಯಾಗುತ್ತೆ ಅಂತ ಪ್ರೀತಿಯಿಂದ ಮುಖದ ಮೇಲೆ ದಿಂಬು ಇಡುವ ಮಕ್ಕಳಿವೆ. ಇಬ್ಬರನ್ನೂ ಒಂದೇ ಹಾಸಿಗೆಯಲ್ಲಿ ಮಲಗಿಸುವುದೂ ಬೇಡ. ಪಾಪು ತನ್ನದೇ ಜಾಗದಲ್ಲಿ, ಬೆನ್ನ ಮೇಲೆ, ದಿಂಬಿಲ್ಲದೆ ಮಲಗಲಿ. ಎತ್ತಿಕೊಳ್ಳಬೇಕು ಅಂದರೆ ದೊಡ್ಡದನ್ನು ಹಿಂದಕ್ಕೆ ಒರಗಿಸಿ ಕೂರಿಸಿ, ಮೊಣಕೈ ಕೆಳಗೆ ದಿಂಬು ಕೊಟ್ಟು, ನಿಮ್ಮ ಕೈಯನ್ನು ಕೂಸಿನ ತಲೆಯ ಕೆಳಗೇ ಇಡಿ. ಕೈ ತೊಳೆದಿರಲಿ. ಮುತ್ತು ಕೊಡುವುದಾದರೆ ಪಾದಕ್ಕೆ, ಮುಖಕ್ಕೆ ಬೇಡ. ನೆಗಡಿ ಕೆಮ್ಮು ಇದ್ದಾಗ ದೂರದಿಂದಲೇ ಮಾತಾಡಿಸಲಿ.

ಎಲ್ಲ ಸರಿಹೋಯಿತು ಅಂತ ಕೈ ತೊಳೆದುಕೊಳ್ಳಬೇಡಿ. ಪಾಪು ಅಂಬೆಗಾಲಿಡಲು ಶುರು ಮಾಡಿದಾಗ ಎರಡನೇ ಸುತ್ತು ಬರುತ್ತದೆ. ಅಲ್ಲಿಯವರೆಗೆ ಮಲಗಿದ್ದ ಕೂಸು ಈಗ ಕಟ್ಟಿದ್ದನ್ನು ಬೀಳಿಸುತ್ತದೆ, ಪುಸ್ತಕ ಕಡಿಯುತ್ತದೆ. ‘ಚಿಕ್ಕವನಲ್ವಾ, ಕೊಟ್ಟುಬಿಡು’ ಅಂತ ದೊಡ್ಡದರ ಕೈಯಿಂದ ಕಸಿಯಬೇಡಿ. ಪಾಪುವಿಗೆ ಎಟುಕದ ಎತ್ತರದಲ್ಲಿ ದೊಡ್ಡದಕ್ಕೆ ಒಂದು ಶೆಲ್ಫ್ ಮಾಡಿಕೊಡಿ. ಮಣಿ, ಗುಂಡಿ, ಸಣ್ಣ ಚಕ್ರದಂಥ ಸಾಮಾನೆಲ್ಲ ಅಲ್ಲಿಗೆ ಹೋಗಲಿ, ಕೂಸಿನ ಗಂಟಲಿಗೆ ಸಿಕ್ಕಿಕೊಳ್ಳುವುದು ಅಂಥವೇ. ಬಿಲ್ಲೆಯಂಥ ಬ್ಯಾಟರಿ ಹಾಕುವ ಆಟಿಕೆಯಿದ್ದರೆ ಅದರ ಮುಚ್ಚಳದ ಸ್ಕ್ರೂ ಬಿಗಿಯಿದೆಯಾ ನೋಡಿ. ಅದನ್ನು ನುಂಗಿದರೆ ಒಳಗೆ ಸುಟ್ಟ ಗಾಯವಾಗುತ್ತದೆ, ತಕ್ಷಣ ಆಸ್ಪತ್ರೆಗೆ ಓಡಬೇಕು. ಉಳಿದಂತೆ ಶೆಲ್ಫಿನಲ್ಲಿ ಏನಿಡಬೇಕು, ಪಾಪುವಿಗೆ ಯಾವುದನ್ನು ಕೊಡಬೇಕು ಅನ್ನುವುದನ್ನು ದೊಡ್ಡದೇ ಹೇಳಲಿ.