ಆರ್ಬಿಟ್ರೇಶನ್‌ಗೆ ಮೊದಲು ಡಿಪಾಸಿಟ್ ಕಟ್ಟಿ ಅಂದರೆ ಏನು ಮಾಡಬೇಕು

ದಾವಣಗೆರೆಯ ಒಬ್ಬ ಗುತ್ತಿಗೆದಾರರ ಆಫೀಸಿನಲ್ಲಿ 22 ವರ್ಷದಿಂದ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದೇನೆ. 2015ರಲ್ಲಿ ಒಂದು ಕುಡಿಯುವ ನೀರಿನ ಪೈಪ್‌ಲೈನ್ ಕೆಲಸ ಮುಗಿಸಿ ಫೈನಲ್ ಬಿಲ್ ಕೊಟ್ಟೆವು. ಅಗೆದಲ್ಲೆಲ್ಲ ಗಟ್ಟಿ ಬಂಡೆ ಸಿಕ್ಕಿತ್ತು. ಟೆಂಡರಿನಲ್ಲಿ ಇದ್ದದ್ದು ಬರೀ ಮಣ್ಣಿನ ರೇಟು. ಬಂಡೆ ಒಡೆದ ಎಕ್ಸ್‌ಟ್ರಾ ಐಟಂ, ತಡವಾದ ಬಿಲ್ಲಿನ ಬಡ್ಡಿ ಎಲ್ಲ ಸೇರಿ ನಮಗೆ 62 ಲಕ್ಷ ಬರಬೇಕಿತ್ತು. ಇಲಾಖೆ ಒಪ್ಪಲಿಲ್ಲ. ಆರ್ಬಿಟ್ರೇಶನ್ (ಕೋರ್ಟಿನ ಬದಲು ಮಧ್ಯಸ್ಥರ ಮುಂದೆ ತೀರ್ಮಾನ) ಕೇಳೋಣ ಅಂತ ಕರಾರು ತೆಗೆದು ನೋಡಿದರೆ, ಕ್ಲೇಮಿನ 10% ಮೊದಲು ಡಿಪಾಸಿಟ್ ಕಟ್ಟಬೇಕು ಅಂತ ಇತ್ತು. ಅಂದರೆ 6 ಲಕ್ಷ 20 ಸಾವಿರ. ಆಗ ಕೂಲಿಯವರಿಗೇ ಎರಡು ವಾರದ ಬಟವಾಡೆ ಬಾಕಿ ಇತ್ತು. ನಮ್ಮ ಮಾಲೀಕರು "ಹೋಗ್ಲಿ ಬಿಡಮ್ಮ" ಅಂದರು. ನಾನೂ ಫೈಲ್ ಕಟ್ಟಿ ಬೀರುವಿನಲ್ಲಿಟ್ಟೆ.

2019ರ ಮಾರ್ಚ್ 11ರಂದು ಸುಪ್ರೀಂ ಕೋರ್ಟ್ ಇಂಥದ್ದೇ ಷರತ್ತನ್ನು ಹೊಡೆದುಹಾಕಿತು. ಅಷ್ಟರಲ್ಲಿ ಕ್ಲೇಮ್ ಕೇಳಲು ನಮಗಿದ್ದ ಮೂರು ವರ್ಷದ ವಾಯಿದೆ ಮುಗಿದುಹೋಗಿತ್ತು. ಆ ಫೈಲ್ ಇನ್ನೂ ಬೀರುವಿನಲ್ಲಿದೆ. ನಿಮ್ಮ ಫೈಲಿಗೆ ಆ ಗತಿ ಬರಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಟೆಂಡರ್ ಡಾಕ್ಯುಮೆಂಟಿನ ಆರ್ಬಿಟ್ರೇಶನ್ ಷರತ್ತನ್ನು ಪೂರ್ತಿ ಓದಿ. ಎಷ್ಟು ಪರ್ಸೆಂಟ್, ಯಾರ ಹೆಸರಿಗೆ, ಕೊನೆಗೆ ಆ ಹಣ ಯಾರಿಗೆ ಹೋಗುತ್ತದೆ ಅನ್ನುವುದನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಕೊನೆಯದನ್ನು ಓದದೆ ಬಿಡುವವರೇ ಜಾಸ್ತಿ. 2019ರ ಆ ಕೇಸು ಐಕಾಮ್ ಟೆಲಿ ಕಂಪನಿ ಮತ್ತು ಪಂಜಾಬ್ ರಾಜ್ಯ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ನಡುವಿನದು. ಅಲ್ಲಿಯೂ 10% ಡಿಪಾಸಿಟ್ ಇತ್ತು. ಗೆದ್ದ ಹಣ ಕ್ಲೇಮಿನ ಎಷ್ಟು ಭಾಗವೋ ಅಷ್ಟೇ ಭಾಗ ಡಿಪಾಸಿಟ್ ವಾಪಸ್, ಉಳಿದದ್ದು ಎದುರು ಪಕ್ಷಕ್ಕೆ. ಲೆಕ್ಕ ಹಾಕಿ ನೋಡಿ. ಕ್ಲೇಮ್ 1 ಕೋಟಿ, ಕಟ್ಟಿದ್ದು 10 ಲಕ್ಷ. ನಿಮಗೆ 40 ಲಕ್ಷದ ಅವಾರ್ಡ್ (ಆರ್ಬಿಟ್ರೇಟರ್ ಅಂದರೆ ಮಧ್ಯಸ್ಥರು ಕೊಡುವ ತೀರ್ಪು) ಬಂತು ಅಂದುಕೊಳ್ಳಿ. ವಾಪಸ್ ಬರುವುದು 4 ಲಕ್ಷ. ಉಳಿದ 6 ಲಕ್ಷ ಸೋತ ಮಂಡಳಿಗೇ ಹೋಗುತ್ತದೆ! ಇದು ಯಾವ ನ್ಯಾಯ?

ಸುಳ್ಳು ಕ್ಲೇಮ್ ತಡೆಯಲು ಈ ಡಿಪಾಸಿಟ್ ಅಂತ ಮಂಡಳಿ ಹೇಳಿತು. ಕ್ಲೇಮ್ ಸುಳ್ಳು ಅಂತ ತೀರ್ಮಾನ ಆಗುವ ಮೊದಲೇ ಎಲ್ಲರಿಂದಲೂ ಹಣ ಕಟ್ಟಿಸಿಕೊಳ್ಳುವುದು ಸರಿಯಲ್ಲ, ಸುಳ್ಳು ಅಂತ ಗೊತ್ತಾದರೆ ಆಮೇಲೆ ಖರ್ಚು ಹೊರಿಸಬಹುದು ಅಂತ ಕೋರ್ಟ್ ಹೇಳಿತು. ಆ ಒಂದು ಉಪಷರತ್ತನ್ನು ಮಾತ್ರ ತೆಗೆದು, ಆರ್ಬಿಟ್ರೇಶನ್ ಷರತ್ತಿನ ಉಳಿದ ಭಾಗವನ್ನು ಹಾಗೇ ಉಳಿಸಿತು. 2023ರ ನವೆಂಬರ್ 6ರಂದು ಲೊಂಬಾರ್ಡಿ ಇಂಜಿನಿಯರಿಂಗ್ ಮತ್ತು ಉತ್ತರಾಖಂಡ ಜಲ ವಿದ್ಯುತ್ ನಿಗಮದ ಕೇಸಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ 7% ಡಿಪಾಸಿಟ್ ಷರತ್ತನ್ನೂ ಒಪ್ಪಲಿಲ್ಲ. ಇಲಾಖೆಯವರು 2009ರ ಎಸ್.ಕೆ. ಜೈನ್ ತೀರ್ಪು ತೋರಿಸಿ, ಹರಿಯಾಣದ 7% ಷರತ್ತನ್ನು ಸುಪ್ರೀಂ ಕೋರ್ಟೇ ಒಪ್ಪಿದೆ ಅನ್ನಬಹುದು. ಹೆದರಬೇಡಿ. ಆ ತೀರ್ಪು ಇಂಥ ಕೇಸಿಗೆ ಯಾಕೆ ಅನ್ವಯಿಸುವುದಿಲ್ಲ ಅಂತ ಐಕಾಮ್ ಮತ್ತು ಲೊಂಬಾರ್ಡಿ ಎರಡೂ ತೀರ್ಪುಗಳು ವಿವರಿಸಿವೆ.

ಈಗ ನೋಟಿಸ್ ಬರೆಯುವ ಕೆಲಸ. ಕರಾರಿನಲ್ಲಿ ಮೊದಲು ಎಕ್ಸಿಕ್ಯೂಟಿವ್ ಇಂಜಿನಿಯರಿಗೆ, ಆಮೇಲೆ ಮೇಲಿನವರಿಗೆ ಅರ್ಜಿ ಕೊಡಬೇಕು ಅಂತಿದ್ದರೆ ಆ ಮೆಟ್ಟಿಲು ಬಿಡಬೇಡಿ. ಅಲ್ಲಿ ಆಗದಿದ್ದರೆ ಆರ್ಬಿಟ್ರೇಶನ್ ಶುರು ಮಾಡಿ ಅಂತ ಕೇಳುವ, ಆರ್ಬಿಟ್ರೇಶನ್ ಕಾಯ್ದೆಯ ಸೆಕ್ಷನ್ 21ರ ನೋಟಿಸ್ ಕಳಿಸಿ. ಕೆಲಸದ ಹೆಸರು, ಕರಾರಿನ ನಂಬರ್, ಷರತ್ತಿನ ನಂಬರ್ ಬರೆಯಿರಿ. ಕ್ಲೇಮನ್ನು ಬಾಬ್ತುವಾರು ಬಿಡಿಸಿ, ಪ್ರತಿಯೊಂದರ ಮುಂದೆ ಎಂಬಿ ಪುಸ್ತಕದ (ಕೆಲಸದ ಅಳತೆ ಬರೆಯುವ ಪುಸ್ತಕ) ಪುಟ ಹಾಕಿ. ಸುಮ್ನೆ ಮೊತ್ತ ಉಬ್ಬಿಸಬೇಡಿ. ಸೋತ ಬಾಬ್ತಿನ ಖರ್ಚನ್ನು ಸೆಕ್ಷನ್ 31ಎ ಪ್ರಕಾರ ನಿಮ್ಮ ಮೇಲೆ ಹಾಕಬಹುದು. ಮೂರು ಆರ್ಬಿಟ್ರೇಟರುಗಳ ಹೆಸರು ಸೂಚಿಸಿ. ಡಿಪಾಸಿಟ್ ಬಗ್ಗೆ ಬಾಯಿ ಮುಚ್ಚಿಕೊಂಡಿರಬೇಡಿ. ನಾವು ಹೀಗೆ ಬರೆಯುತ್ತೇವೆ: "ಕರಾರಿನಲ್ಲಿರುವ ಡಿಪಾಸಿಟ್ ಷರತ್ತು ಸಂವಿಧಾನದ 14ನೇ ವಿಧಿಗೆ ವಿರುದ್ಧವಾಗಿದೆ. ಐಕಾಮ್ ಮತ್ತು ಲೊಂಬಾರ್ಡಿ ತೀರ್ಪುಗಳಂತೆ ಅದು ನಮ್ಮನ್ನು ಕಟ್ಟಿಹಾಕುವುದಿಲ್ಲ. ಡಿಪಾಸಿಟ್ ಇಲ್ಲದೆಯೇ ಆರ್ಬಿಟ್ರೇಟರನ್ನು ನೇಮಿಸಲು 30 ದಿನದೊಳಗೆ ಒಪ್ಪಿಗೆ ಕೊಡಿ."

14ನೇ ವಿಧಿ, ಅಂದರೆ ಸಮಾನತೆಯ ಹಕ್ಕು, ಅನ್ನುವ ಮಾತು ಇಲ್ಲಿ ಮುಖ್ಯ. "ನಾವು ಸಣ್ಣವರು, ಬೇರೆ ದಾರಿ ಇಲ್ಲದೆ ಸಹಿ ಹಾಕಿದೆವು" ಅಂತ ವಾದ ಕಟ್ಟಬೇಡಿ. ಆ ವಾದವನ್ನು ಐಕಾಮ್ ಕೇಸಿನಲ್ಲಿ ಕೋರ್ಟ್ ಒಪ್ಪಲಿಲ್ಲ. ಗೆದ್ದದ್ದು, ಸರ್ಕಾರಿ ಸಂಸ್ಥೆ ಮನಸ್ಸಿಗೆ ಬಂದಂತೆ ಷರತ್ತು ಹಾಕುವ ಹಾಗಿಲ್ಲ ಅನ್ನುವ ವಾದ. ಸಹಿ ಹಾಕಿದ್ದೀರಲ್ಲ ಅಂತ ಇಲಾಖೆ ಹೇಳಿದರೂ ಅದು ನಿಲ್ಲುವುದಿಲ್ಲ ಅಂತ ಲೊಂಬಾರ್ಡಿಯಲ್ಲಿ ತೀರ್ಮಾನ ಆಗಿದೆ. ಅದೇ ಕಾರಣಕ್ಕೆ, ಖಾಸಗಿ ಬಿಲ್ಡರ್ ಜೊತೆಗಿನ ಕರಾರಿಗೆ ಈ ದಾರಿ ಆಗುವುದಿಲ್ಲ.

ನೋಟಿಸನ್ನು ತಲುಪಿದ ದಾಖಲೆ ಸಿಗುವಂತೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಒಂದು ಪ್ರತಿಗೆ ಇಲಾಖೆಯ ಟಪಾಲು ಸೆಕ್ಷನ್‌ನಲ್ಲಿ ಸೀಲು ಹಾಕಿಸಿಕೊಳ್ಳಿ. ನೋಟಿಸ್ ಅವರ ಕೈಸೇರಿದ ದಿನವೇ ಆರ್ಬಿಟ್ರೇಶನ್ ಶುರುವಾದ ದಿನ. ವಾಯಿದೆಯ ಲೆಕ್ಕ ನಿಲ್ಲುವುದು ಅಲ್ಲಿಗೆ. ಆ ಸೀಲಿನ ಪ್ರತಿ ನನ್ನ ಮಟ್ಟಿಗೆ ಬ್ಯಾಂಕ್ ಗ್ಯಾರಂಟಿಯಷ್ಟೇ ಬೆಲೆಯದ್ದು.

30 ದಿನ ಕಳೆದರೂ ಉತ್ತರ ಇಲ್ಲ, ಅಥವಾ "ಮೊದಲು ಡಿಪಾಸಿಟ್ ಕಟ್ಟಿ" ಅಂತ ಕಾಗದ ಬಂತು. ಆಗ ಆರ್ಬಿಟ್ರೇಟರನ್ನು ನೇಮಿಸಿ ಅಂತ ವಕೀಲರ ಮೂಲಕ ಹೈಕೋರ್ಟಿಗೆ ಸೆಕ್ಷನ್ 11(6)ರ ಅರ್ಜಿ ಹಾಕಿ. ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ಇದಕ್ಕೆ ಸಿಎಂಪಿ (ಸಿವಿಲ್ ಮಿಸಲೇನಿಯಸ್ ಪಿಟಿಶನ್) ಅನ್ನುತ್ತಾರೆ. ಡಿಪಾಸಿಟ್ ಷರತ್ತಿನ ತಕರಾರನ್ನು ಆ ಹಂತದಲ್ಲೇ ನೋಡಬಹುದು ಅಂತ ಲೊಂಬಾರ್ಡಿ ತೀರ್ಪು ಹೇಳುತ್ತದೆ. ಬೇರೆ ರಾಜ್ಯದ ಕೆಲಸ ಆಗಿದ್ದರೆ ಕರಾರಿನಲ್ಲಿ ಆರ್ಬಿಟ್ರೇಶನ್ ಸೀಟ್ (ಕಾನೂನಿನ ಲೆಕ್ಕದಲ್ಲಿ ಆರ್ಬಿಟ್ರೇಶನ್ ನಡೆಯುವ ಊರು) ಯಾವುದು ಅಂತ ವಕೀಲರಿಗೆ ತೋರಿಸಿ. ಇಲಾಖೆ ತಾನೊಬ್ಬನೇ ಆರ್ಬಿಟ್ರೇಟರನ್ನು ನೇಮಿಸುತ್ತೇನೆ ಅಂತ ಬರೆದುಕೊಂಡಿದ್ದರೆ ಅದಕ್ಕೂ ಇದೇ ಅರ್ಜಿಯಲ್ಲಿ ತಕರಾರು ಹಾಕಿಸಿ. ಅಂಥ ಷರತ್ತನ್ನು 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತಳ್ಳಿಹಾಕಿದೆ.

ಒಂದು ಗೊಂದಲ ಮಾತ್ರ ಮಾಡಿಕೊಳ್ಳಬೇಡಿ. ಆರ್ಬಿಟ್ರೇಟರ್ ಬಂದ ಮೇಲೆ ಫೀಸು ಮತ್ತು ಖರ್ಚಿಗೆ ಅಡ್ವಾನ್ಸ್ ಕೇಳುತ್ತಾರೆ. ಅದು ಸೆಕ್ಷನ್ 38ರದ್ದು, ಎರಡೂ ಕಡೆಯವರು ಸಮಪಾಲು ಕಟ್ಟಬೇಕು. ಅದನ್ನು ಕಟ್ಟಲೇಬೇಕು, ಅದಕ್ಕೂ ಈ ತೀರ್ಪುಗಳಿಗೂ ಸಂಬಂಧ ಇಲ್ಲ.

ಈಗಾಗಲೇ ಡಿಪಾಸಿಟ್ ಕಟ್ಟಿಬಿಟ್ಟಿದ್ದರೆ ಇವತ್ತೇ ಒಂದು ಕಾಗದ ಕೊಡಿ. ಆಕ್ಷೇಪಣೆ ಇಟ್ಟುಕೊಂಡೇ ಕಟ್ಟಿದ್ದೇವೆ, ವಾಪಸ್ ಕೇಳುವ ಹಕ್ಕು ಬಿಟ್ಟಿಲ್ಲ ಅಂತ ಬರೆಯಿರಿ. ಡಿಡಿ ನಂಬರ್, ತಾರೀಖು ಹಾಕಿ. ಇನ್ನು ಹೊಸ ಟೆಂಡರ್ ಆದರೆ ಪ್ರಿ-ಬಿಡ್ ಮೀಟಿಂಗಿನಲ್ಲೇ (ಟೆಂಡರ್ ಹಾಕುವ ಮೊದಲು ಇಲಾಖೆ ಕರೆಯುವ ಸಭೆ) ಈ ಷರತ್ತು ತೆಗೆಯಿರಿ ಅಂತ ಲಿಖಿತವಾಗಿ ಕೇಳಿ. ಈಗ ನಮ್ಮ ಆಫೀಸಿಗೆ ಬರುವ ಪ್ರತಿ ಟೆಂಡರಿನಲ್ಲೂ ನಾನು ಮೊದಲು ತೆಗೆಯುವುದು ಆ ಪುಟವನ್ನೇ. ರೇಟು ಆಮೇಲೆ.