ಟಿಬಿ ಮಾತ್ರೆ ನಾಟುತ್ತದೋ ಇಲ್ಲವೋ, ತಿಳಿಯುವುದು ಹೇಗೆ?

ಕಾಫಿ ಕೊಯ್ಲಿನ ದಿನಗಳಲ್ಲಿ ಕೆಮ್ಮಿಗೆಂದು ರಜೆ ಹಾಕುವವರು ಕಡಿಮೆ. ಮಂಜಿಗೆ ಹೀಗಾಗಿದೆ ಅಂತ ಲೈನ್‌ಮನೆಯಲ್ಲಿ ಕಷಾಯ ಕುಡಿದು ಸುಮ್ನೆ ಇರುತ್ತಾರೆ. ಕೆಮ್ಮು ಎರಡು ವಾರ ದಾಟಿದರೆ ಹಾಗಿರಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಕೊಡಿ. ದುಡ್ಡು ಕೊಡಬೇಕಿಲ್ಲ. ಟಿಬಿ ಇದೆಯೋ ಇಲ್ಲವೋ ಎನ್ನುವುದಷ್ಟೇ ಅಲ್ಲ, ಯಾವ ಮಾತ್ರೆಗೆ ರೋಗಾಣು ಬಗ್ಗುವುದಿಲ್ಲ ಎನ್ನುವುದೂ ಆ ಕಫದಿಂದಲೇ ಗೊತ್ತಾಗಬೇಕು.

ಮೊದಲ ಕೆಲಸ ನಿಮ್ಮದೇ. ಸಾಮಾನ್ಯವಾಗಿ ಎರಡು ಸಲ ಕಫ ಕೇಳುತ್ತಾರೆ. ಒಂದು ಅಲ್ಲೇ, ಇನ್ನೊಂದು ಬೆಳಿಗ್ಗೆ ಎದ್ದ ಕೂಡಲೇ. ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ. ಮನೆಯೊಳಗೆ ಬೇಡ, ಅಂಗಳಕ್ಕೆ ಬನ್ನಿ. ಮಳೆಯಿದ್ದರೆ ತೆರೆದ ಜಗಲಿಯ ತುದಿಯಾದರೂ ಆದೀತು, ಪಕ್ಕದಲ್ಲಿ ಯಾರೂ ಇರಬಾರದು ಅಷ್ಟೇ. ಎರಡು ಮೂರು ಸಲ ಆಳವಾಗಿ ಉಸಿರೆಳೆದು ಎದೆಯಿಂದ ಕೆಮ್ಮಿ. ಬೇಕಾದ್ದು ಗಟ್ಟಿ ಕಫ, ಎಂಜಲಲ್ಲ. ಅರ್ಧದಿಂದ ಒಂದು ಟೀ ಚಮಚದಷ್ಟು ಸಾಕು. ಡಬ್ಬಿಯ ಮುಚ್ಚಳ ಬಿಗಿ ಮಾಡಿ ಅವತ್ತೇ ತಲುಪಿಸಿ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಹಂತ ಇದೇ. ಬರೀ ಎಂಜಲು ಹೋದರೆ, ಮೆಷಿನ್ ಎಷ್ಟು ಒಳ್ಳೆಯದಿದ್ದರೂ ರೋಗ ತಪ್ಪಿಸಿಕೊಳ್ಳಬಹುದು. ಹಿಂದೆ ಟಿಬಿ ಮಾತ್ರೆ ತಿಂದು ನಡುವೆ ಬಿಟ್ಟಿದ್ದರೆ ಅದನ್ನೂ ಹೇಳಿ. ಬೈಯುತ್ತಾರೆಂದು ಮುಚ್ಚಿಡಬೇಡಿ.

ಲ್ಯಾಬ್‌ನಲ್ಲಿ ಮೊದಲು ಸಿಬಿನಾಟ್ ಅಥವಾ ಟ್ರೂನಾಟ್ ಮೆಷಿನ್. ಇವು ರೋಗಾಣುವಿನ ಜೀನ್ ನೋಡುತ್ತವೆ. ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್ ನಾಟುತ್ತದೋ ಇಲ್ಲವೋ ಎಂದು ಎರಡು ಗಂಟೆಯ ಆಸುಪಾಸಿನಲ್ಲಿ ಹೇಳುತ್ತವೆ. ಇನ್ನೊಂದು ಮುಖ್ಯ ಔಷಧಿ ಐಸೋನಿಯಾಜಿಡ್‌ ಬಗ್ಗೆ ತಿಳಿಯಲು ಎಲ್‌ಪಿಎ ಪರೀಕ್ಷೆ ಇದೆ. ಪಟ್ಟಿಯ ಮೇಲೆ ಮೂಡಿದ ಗೆರೆ, ಮೂಡದ ಗೆರೆ ನೋಡಿ ಓದುತ್ತಾರೆ. ಇದಕ್ಕೆ ಕೆಲವು ದಿನ ಬೇಕು.

ಇನ್ನೂ ಕೆಲವರ ಕಫ ಕಲ್ಚರ್‌ಗೆ ಹೋಗುತ್ತದೆ. ಮೊದಲು ರೋಗಾಣುವನ್ನು ಬೆಳೆಸಿ, ಆಮೇಲೆ ಔಷಧಿ ಇರುವ ಟ್ಯೂಬ್, ಇಲ್ಲದ ಟ್ಯೂಬ್ ಎರಡಕ್ಕೂ ಹಾಕುತ್ತಾರೆ. ಔಷಧಿ ಇಲ್ಲದ ಟ್ಯೂಬಿಗೆ ಬಿಡುವುದು, ಔಷಧಿಯ ಟ್ಯೂಬಿಗೆ ಹಾಕಿದ ರೋಗಾಣುವಿನ ನೂರರಲ್ಲಿ ಒಂದು ಪಾಲು ಮಾತ್ರ. ಇದರಲ್ಲಿ ರೋಗಾಣು ಬೆಳೆಯುವ ಹೊತ್ತಿಗೆ ಔಷಧಿಯ ಟ್ಯೂಬಿನಲ್ಲೂ ಬೆಳೆದಿದ್ದರೆ, ಶೇ 1ಕ್ಕಿಂತ ಜಾಸ್ತಿ ರೋಗಾಣುಗಳು ಆ ಔಷಧಿಗೆ ಬಗ್ಗುತ್ತಿಲ್ಲ ಎಂದರ್ಥ. ಟ್ಯೂಬಿನ ತಳದಲ್ಲಿ ಒಂದು ವಿಶೇಷ ವಸ್ತು ಇರುತ್ತದೆ. ರೋಗಾಣು ಬೆಳೆಯುತ್ತಾ ಆಮ್ಲಜನಕ ಖಾಲಿ ಮಾಡಿದಂತೆ ಅದು ಹೊಳೆಯುತ್ತದೆ. ಮೆಷಿನ್ ಗುರುತಿಸುವುದು ಆ ಹೊಳಪನ್ನೇ.

ತಡ ಯಾಕೆ ಅಂದರೆ, ಟಿಬಿ ರೋಗಾಣು ಒಂದು ಎರಡಾಗಲು ಸುಮಾರು 20 ಗಂಟೆ ಬೇಕು. ಏನೂ ಬೆಳೆದಿಲ್ಲ ಎನ್ನುವುದಕ್ಕೇ 42 ದಿನ ಕಾಯುತ್ತಾರೆ. ಅಷ್ಟರಲ್ಲಿ ಶುರು ಮಾಡಿದ ಮಾತ್ರೆಯನ್ನು ಡಾಕ್ಟರ್ ಹೇಳದೆ ನಿಲ್ಲಿಸಬೇಡಿ.

ಕೊಡಗಿನಲ್ಲಿ ಇಲ್ಲೇ ಒಂದು ತೊಡಕಿದೆ. ಜನವರಿಯಲ್ಲಿ ಕಫ ಕೊಟ್ಟವರು ಕೊಯ್ಲು ಮುಗಿಸಿ ಊರಿಗೆ ಹೋಗಿರುತ್ತಾರೆ, ರಿಪೋರ್ಟ್ ಆಮೇಲೆ ಬರುತ್ತದೆ. ಹೋಗುವ ಮೊದಲು ಆಸ್ಪತ್ರೆಗೆ ತಿಳಿಸಿ. ಊರಿನ ವಿಳಾಸ, ಎತ್ತುವ ಫೋನ್ ನಂಬರ್ ಬರೆಸಿ. ನಿಕ್ಷಯ್ ಐಡಿ, ಅಂದರೆ ಸರ್ಕಾರದ ಟಿಬಿ ದಾಖಲೆಯಲ್ಲಿ ನಿಮ್ಮ ನಂಬರ್, ಕೇಳಿ ಬರೆದಿಟ್ಟುಕೊಳ್ಳಿ. ಅದನ್ನು ತೋರಿಸಿದರೆ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲೂ ನಿಮ್ಮ ದಾಖಲೆ ಸಿಗುತ್ತದೆ, ಚಿಕಿತ್ಸೆ ಅಲ್ಲೇ ಮುಂದುವರಿಯುತ್ತದೆ.